ಮಕ್ಕಳ ಬಟ್ಟೆ ಅಂಗಡಿ, ಆನ್‌ಲೈನ್‌ಗೆ ಹೋಗೋದಾ ಬೇಡ್ವಾ? ಮಾಡಿದವರು ಅನುಭವ ಹೇಳಿ

ಚೌಕಿಪೇಟೆ ಹುಡುಗ:
ದಾವಣಗೆರೆಯಲ್ಲಿ ನಮ್ಮದು ಮಕ್ಕಳ ಬಟ್ಟೆ ಅಂಗಡಿ. ಅಪ್ಪ ನೋಡಿಕೊಳ್ಳುತ್ತಿದ್ದರು, ಈಗ ನಾನು. ಮಾಲೆಲ್ಲ 150ರಿಂದ 500 ರೂಪಾಯಿ ಒಳಗೆ. ಹಬ್ಬ, ಮದುವೆ ಸೀಸನ್ ಬಿಟ್ಟರೆ ವ್ಯಾಪಾರ ಡಲ್. ಆ್ಯಪ್‌ನಲ್ಲಿ ಸೆಲ್ಲರ್ ಆಗೋದಾ, ಸ್ವಂತ ವೆಬ್‌ಸೈಟ್ ಮಾಡೋದಾ, ಇಲ್ಲ ವಾಟ್ಸಾಪ್ ಸಾಕಾ? ಜಿಎಸ್‌ಟಿ ನಂಬರ್ ಇನ್ನೂ ಮಾಡಿಸಿಲ್ಲ.

ನೈಟಿ ಹೋಲ್‌ಸೇಲ್:
ಬೇಡ. ಒಂದೇ ಮಾತು. ಆದರೂ ಲೆಕ್ಕ ಹೇಳ್ತೀನಿ, ಬರೆದಿಟ್ಟುಕೊಳ್ಳಿ.

ಸೂರತ್‌ನಿಂದ ಬರೋ ನೈಟಿ ನನಗೆ 165 ಬೀಳುತ್ತಿತ್ತು. ಒಂದು ದೊಡ್ಡ ಆ್ಯಪ್‌ನಲ್ಲಿ ಹಾಕಿದ್ದೆ. ಹೆಸರು ಬೇಡ. ಎಲ್ಲಾ ಕಳೆದು ನನ್ನ ಖಾತೆಗೆ ಬರೋದು 240. ಕವರ್, ಟೇಪ್, ಲೇಬಲ್ ಸೇರಿ 8 ರೂಪಾಯಿ. ಉಳಿದದ್ದು 67. ಕಮಿಷನ್ ಸೊನ್ನೆ ಅಂತ ದೊಡ್ಡದಾಗಿ ಹಾಕಿರ್ತಾರೆ, ನಿಜವೇ, ಕಮಿಷನ್ ಹಿಡಿಯಲಿಲ್ಲ. ಆದರೆ ಗಿರಾಕಿ ಬಿಚ್ಚಿ ನೋಡಿ ವಾಪಸ್ ಕಳಿಸಿದರೆ ಆ ಕೊರಿಯರ್ ಖರ್ಚು 155 ನನ್ನ ತಲೆಗೆ. ಎರಡು ಮಾರಿದ ಲಾಭ ಒಂದು ರಿಟರ್ನ್‌ಗೆ ಸಾಲುತ್ತಿರಲಿಲ್ಲ. ಬಾಗಿಲಲ್ಲೇ ಬೇಡ ಅಂದರೆ ಖರ್ಚು ಹಾಕ್ತಿರಲಿಲ್ಲ, ಆದರೆ ಆ ಮಾಲು ಊರೂರು ತಿರುಗಿ ವಾಪಸ್ ಬರೋ ಹೊತ್ತಿಗೆ ಸೀಸನ್ನೇ ಮುಗಿದಿರುತ್ತಿತ್ತು.

ಒಂದು ಪಾರ್ಸೆಲ್ ವಾಪಸ್ ಬಂತು. ಬಿಚ್ಚಿದರೆ ನನ್ನ ಮಾಲೇ ಅಲ್ಲ. ಅರಿಶಿನದ ಕಲೆ ಇರೋ ಹಳೇ ನೈಟಿ. ಎದೆ ಹತ್ತಿರ ಹಾಕಿದ್ದ ಪಿನ್ನೂ ಹಾಗೇ ಇತ್ತು. ಬಿಚ್ಚುವ ವಿಡಿಯೋ ಸಮೇತ ಕ್ಲೇಮ್ ಹಾಕಿದೆ. ಬಾರ್‌ಕೋಡ್ ಮಸುಕಾಗಿದೆ ಅಂತ ತಳ್ಳಿ ಹಾಕಿದರು. ಮೇಲ್ಮನವಿಗೆ ಬಂದ ಉತ್ತರವೂ ಅದೇ, ಅಕ್ಷರ ಬದಲಾಗಿರಲಿಲ್ಲ. ಈಗ ಲೇಬಲ್ ಪ್ರಿಂಟರ್ ಬೀರು ಮೇಲೆ ಕೂತಿದೆ. ವಾಟ್ಸಾಪ್ ವ್ಯಾಪಾರ ಅಂತೂ ಸುಮ್ನೆ ಟೈಂಪಾಸ್, ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ.

ದುರ್ಗದ ಸೀರೆ ಅಕ್ಕ:
ಟೈಂಪಾಸ್ ಅಂದರೆ ಏನ್ರೀ? ನಾನು ಚಿತ್ರದುರ್ಗದಲ್ಲಿ ಮನೆ ಮುಂದಿನ ಕೋಣೆಯಲ್ಲೇ ಸೀರೆ ಮಾರ್ತೀನಿ. ಅದರಲ್ಲೇ ಮಗಳ ಡಿಪ್ಲೊಮಾ ಫೀಸ್ ಕಟ್ಟಿದ್ದೀನಿ. ಅಂಗಡಿ ಬಾಡಿಗೆ ಇಲ್ಲ, ಆ್ಯಪ್‌ನವರ ಕಾಟ ಇಲ್ಲ.

ನನ್ನ ನಿಯಮ ಎರಡೇ. ದುಡ್ಡು ಮೊದಲು. ವಾಪಸ್ ಇಲ್ಲ, ಡ್ಯಾಮೇಜ್ ಇದ್ದರೆ ಮಾತ್ರ ಬದಲಾವಣೆ. ಕ್ಯಾಶ್ ಆನ್ ಡೆಲಿವರಿ ಕೇಳಿದವರಿಗೆ ಕೈಮುಗಿದು ಬೇರೆ ಕಡೆ ತಗೊಳ್ಳಿ ಅಂತೀನಿ. ಸೀರೆಯನ್ನು ಸ್ಟ್ಯಾಂಡಿಗೆ ಹಾಕಿ ಫೋಟೋ ತೆಗೆಯೋದಿಲ್ಲ, ಹಗಲು ಬೆಳಕಲ್ಲಿ ಸೆರಗು ಬಿಡಿಸಿ ವಿಡಿಯೋ ಮಾಡ್ತೀನಿ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಗಿಣಿ ಹಸಿರು ಹೋಗಿ ಇನ್ನೇನೋ ಕಾಣುತ್ತೆ. ಆಮೇಲೆ ಬಣ್ಣ ಬೇರೆ ಅಂತ ಜಗಳ. ಫಾಲ್, ಜಿಗ್‌ಜಾಗ್ ನಾನೇ ಹಾಕಿ ಕೊಡ್ತೀನಿ, 80 ರೂಪಾಯಿ ಜಾಸ್ತಿ. ಆ 80ರಲ್ಲೇ ನನ್ನ ನಿಜವಾದ ಲಾಭ ಇರೋದು, ಸೀರೆಯಲ್ಲಲ್ಲ.

ತಲೆನೋವು ಇಲ್ಲ ಅಂತಲ್ಲ. 900 ರೂಪಾಯಿಗೆ ಮೊಳಕಾಲ್ಮೂರು ರೇಷ್ಮೆ ಕೊಡ್ತೀರಾ ಅಂತ ಕೇಳೋರಿದ್ದಾರೆ. ಆ ಊರಿನದೇ ಅನ್ನೋ ಸರ್ಕಾರದ ಜಿಐ ಗುರುತು ಸಿಕ್ಕಿರೋ ಕೈಮಗ್ಗದ ಸೀರೆ ತಾಯಿ ಅದು, ಆ ದುಡ್ಡಿಗೆ ರೇಷ್ಮೆ ನೂಲೂ ಬರೋದಿಲ್ಲ. ಸ್ಟೇಟಸ್ ನೋಡಿ "ರೇಟ್?" ಅಂತ ಕೇಳಿ ಮಾಯವಾಗೋರಂತೂ ಲೆಕ್ಕಕ್ಕಿಲ್ಲ.

ಬಳ್ಳಾರಿ ಜೀನ್ಸ್:
ಅಕ್ಕ ಹೇಳಿದ್ದು ಸೀರೆಗೆ ಸರಿ. ಸೀರೆಗೆ ಸೈಜ್ ಇಲ್ವಲ್ಲ! ನನ್ನದು ಬಳ್ಳಾರಿಯಿಂದ ತಂದ ಜೀನ್ಸ್, ದಾವಣಗೆರೆಯಲ್ಲೇ ಗೋಡೌನ್. ಸ್ವಂತ ವೆಬ್‌ಸೈಟ್ ಇದೆ, ಈಗಲೂ ನಡೀತಿದೆ, ಹೆಮ್ಮೆಯಿಂದಲೇ ಹೇಳ್ತೀನಿ. ಆದರೆ ಯಾರೂ ಹೇಳದ ಖರ್ಚೊಂದಿದೆ: ಡಬ್ಬಿ ತೂಕ.

ಪ್ಯಾಂಟಿನ ನಿಜ ತೂಕ 480 ಗ್ರಾಂ. ಅರ್ಧ ಕಿಲೋ ಸ್ಲ್ಯಾಬ್, ಅಂದರೆ ಅರ್ಧ ಕಿಲೋವರೆಗಿನ ಕೊರಿಯರ್ ದರ ಅಂದುಕೊಂಡು ರೇಟ್ ಹಾಕಿದ್ದೆ. ಕೊರಿಯರ್‌ನವರು ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ರಿಂದ ಭಾಗಿಸ್ತಾರೆ, ಬಂದ ಕಿಲೋ ನಿಜ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ದುಡ್ಡು ಹಾಕ್ತಾರೆ. ನನ್ನ ಪಾರ್ಸೆಲ್ 30, 25, 5. ಲೆಕ್ಕ ಹಾಕಿ, 750 ಗ್ರಾಂ ಬರುತ್ತೆ. ಅಂದರೆ ಒಂದು ಕಿಲೋ ಸ್ಲ್ಯಾಬ್. ಪ್ರತಿ ಪಾರ್ಸೆಲ್‌ಗೂ 38 ರೂಪಾಯಿ ಜಾಸ್ತಿ, ಅದೂ ಮಾಲು ಕಳಿಸಿದ ಮೇಲೆ ವಾಲೆಟ್‌ನಿಂದ ಕಟ್. ಈಗ ಪ್ಯಾಂಟನ್ನು ಉದ್ದಕ್ಕೆ ಮಡಚಿ, ಮಂಡಿಯಿಂದ ಗಾಳಿ ಒತ್ತಿ ತೆಗೆದು ಚಪ್ಪಟೆ ಮಾಡ್ತೀವಿ. 34, 26, 2.5. ಅರ್ಧ ಕಿಲೋ ಒಳಗೆ ಕೂರುತ್ತೆ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಟೇಪ್ ಇಟ್ಟೇ ತೆಗೀರಿ, ತಕರಾರು ಬಂದರೆ ಅದೇ ಸಾಕ್ಷಿ.

ಜಾಹೀರಾತಿಗೆ ಸುರಿದ ದುಡ್ಡಿನ ವಿಷಯ ಕೇಳಲೇಬೇಡಿ, ಹೆಂಡತಿಗೇ ಪೂರ್ತಿ ಹೇಳಿಲ್ಲ.

ಕಾಳಿಕಾದೇವಿ ರಸ್ತೆ:
ನಿಮ್ಮಂಥವರಿಂದಲೇ ನಾವು ಹಾಳಾಗಿದ್ದು. ಬಾಡಿಗೆ, ಕರೆಂಟು, ಇಬ್ಬರು ಹುಡುಗರ ಸಂಬಳ ಕೊಟ್ಟು ಕೂತಿದ್ದೀವಿ. ಗಿರಾಕಿ ಬರ್ತಾಳೆ, ಅರ್ಧ ಅಂಗಡಿ ಮಾಲು ಇಳಿಸ್ತಾಳೆ, ಮಗುವಿಗೆ ಹಾಕಿ ಸೈಜ್ ನೋಡ್ತಾಳೆ. ಆಮೇಲೆ ಫೋನ್ ತೆಗೆದು "ಇದರಲ್ಲಿ 199 ಇದೆ, ನೀವ್ಯಾಕೆ 320 ಅಂತೀರಿ?" ಅಂತಾಳೆ. ಟ್ರಯಲ್ ರೂಮ್ ನಮ್ಮದು, ವ್ಯಾಪಾರ ನಿಮ್ಮದು.

ಟಾಟಾದವರ ಝೂಡಿಯೋ ನೋಡಿ. ಅಷ್ಟು ದೊಡ್ಡ ಕಂಪನಿ, ಇವತ್ತಿಗೂ ಆನ್‌ಲೈನ್‌ನಲ್ಲಿ ಮಾರೋದಿಲ್ಲ. ಕಡಿಮೆ ರೇಟಿನ ಬಟ್ಟೆಗೆ ಕೊರಿಯರ್ ಖರ್ಚು ಹೊಂದೋದಿಲ್ಲ ಅಂತ ಅವರಿಗೆ ಗೊತ್ತು. ನಮ್ಮೂರಿನ ಬುದ್ಧಿವಂತರಿಗೆ ಗೊತ್ತಿಲ್ಲ.

ಬಳ್ಳಾರಿ ಜೀನ್ಸ್:
199ಕ್ಕೆ ಹಾಕಿರೋದು ನಾನಲ್ಲ ಸ್ವಾಮಿ. ಸೂರತ್, ತಿರುಪ್ಪೂರಿನ ಫ್ಯಾಕ್ಟರಿಯವರೇ ನೇರ ಆ್ಯಪ್‌ಗೆ ಹಾಕ್ತಿದ್ದಾರೆ. ನೀವು ಯಾರ ಹತ್ತಿರ ಖರೀದಿ ಮಾಡ್ತೀರೋ ಅವರೇ ನಿಮ್ಮ ಗಿರಾಕಿಗೂ ಮಾರ್ತಿದ್ದಾರೆ. ಜಗಳ ಅಲ್ಲಿ ಹೋಗಿ ಮಾಡಿ.

ಲಂಡನ್ ರಿಟರ್ನ್:
ಇಂಗ್ಲೆಂಡಿನಲ್ಲಿ ಕೆಲ ಕಾಲ ಇದ್ದೆ, ಅದಕ್ಕೆ ಹೇಳ್ತೀನಿ. ಅಲ್ಲಿ ಪ್ರೈಮಾರ್ಕ್ ಅಂತ ಅಗ್ಗದ ಬಟ್ಟೆ ಅಂಗಡಿ ಇದೆ. ವರ್ಷಾನುಗಟ್ಟಲೆ ಆನ್‌ಲೈನ್ ಬೇಡವೇ ಬೇಡ ಅಂದರು. 2022ರ ನವೆಂಬರ್‌ನಲ್ಲಿ ಶುರು ಮಾಡಿದಾಗಲೂ ಮನೆಗೆ ಕಳಿಸೋ ವ್ಯವಸ್ಥೆ ಇಡಲಿಲ್ಲ. ಫೋನಲ್ಲಿ ಆರಿಸಿ ದುಡ್ಡು ಕಟ್ಟಿ, ಅಂಗಡಿಗೆ ಬಂದು ತಗೊಂಡು ಹೋಗಿ, ಅಷ್ಟೇ. 25 ಅಂಗಡಿಗಳಲ್ಲಿ ಪ್ರಯೋಗ. ಮೊದಲು ಇಟ್ಟಿದ್ದೂ ಮಕ್ಕಳ ಸಾಮಾನೇ. ತಗೊಳ್ಳೋಕೆ ಬಂದವರು ಬರಿಗೈಯಲ್ಲಿ ಹೋಗ್ತಾರಾ? ಇನ್ನೆರಡು ಕೊಂಡೇ ಹೋಗ್ತಾರೆ.

ನೈಟಿ ಹೋಲ್‌ಸೇಲ್:
ಬಂದ್ರಪ್ಪ ಲಂಡನ್‌ನವರು. ಇಲ್ಲಿ ಹರಿಹರದಿಂದ ಬಸ್ ಹತ್ತಿ ಬರೋ ಗಿರಾಕಿ ಫೋನಲ್ಲಿ ದುಡ್ಡು ಕಟ್ಟಿ ಆಮೇಲೆ ಬರ್ತಾಳಾ?

ದುರ್ಗದ ಸೀರೆ ಅಕ್ಕ:
ಬರ್ತಾರೆ. ನಂಬಿಕೆ ಇದ್ದರೆ ಬರ್ತಾರೆ. ನನ್ನ ಹತ್ತಿರ ಹೊಸದುರ್ಗದವರು, ಚಳ್ಳಕೆರೆಯವರು ಹಾಗೇ ಮಾಡ್ತಾರೆ. ನಿಮಗೆ ಗಿರಾಕಿ ಅಂದರೆ ಕಳ್ಳರು ಅನ್ನೋ ಭಾವನೆ ಕೂತುಬಿಟ್ಟಿದೆ ಅಣ್ಣ.

ನೈಟಿ ಹೋಲ್‌ಸೇಲ್:
ಅರಿಶಿನದ ನೈಟಿ ನಿಮಗೆ ಬಂದಿದ್ದರೆ ಗೊತ್ತಾಗ್ತಿತ್ತು.

ಲೆಕ್ಕದ ಮೇಷ್ಟ್ರು:
ಜಿಎಸ್‌ಟಿ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಬರೀ ಬಟ್ಟೆ ಮಾರೋರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. ಆ್ಯಪ್ ಮೂಲಕ ಮಾರಿದರೆ ಮೊದಲು ಒಂದು ರೂಪಾಯಿಗೂ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಸಡಿಲ ಮಾಡಿದ್ದಾರೆ: ಮಿತಿಯ ಒಳಗಿದ್ದರೆ ಪ್ಯಾನ್ ಮೇಲೆ ಎನ್‌ರೋಲ್‌ಮೆಂಟ್ ನಂಬರ್ ತಗೊಂಡು ಮಾರಬಹುದು. ಆದರೆ ಕರ್ನಾಟಕದ ಒಳಗೆ ಮಾತ್ರ. ಹೊಸೂರಿನಿಂದ ಒಂದು ಆರ್ಡರ್ ಬಂದರೂ ಕಳಿಸೋ ಹಾಗಿಲ್ಲ, ಅದು ತಮಿಳುನಾಡು. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಸಿದ್ಧ ಉಡುಪಿಗೆ 5 ಪರ್ಸೆಂಟ್, ಮೇಲಿನದಕ್ಕೆ 18. ನಿಮ್ಮ ಮಾಲೆಲ್ಲ 5ರಲ್ಲೇ ಬರುತ್ತೆ.

ಕಾಳಿಕಾದೇವಿ ರಸ್ತೆ:
2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ಹಿಡಿದು ಬೇಕರಿ, ತರಕಾರಿ ಅಂಗಡಿಯವರಿಗೆಲ್ಲ ನೋಟಿಸ್ ಕೊಟ್ಟಾಗ ಈ ಮೇಷ್ಟ್ರು ಎಲ್ಲಿದ್ದರು? ವಾಟ್ಸಾಪ್ ಅಕ್ಕನವರೂ ಫೋನ್‌ಪೇನಲ್ಲೇ ತಗೊಳ್ತಾರಲ್ವಾ? ಅವರಿಗೆ ಯಾವ ನಂಬರ್?

ದುರ್ಗದ ಸೀರೆ ಅಕ್ಕ:
ನನ್ನ ವಹಿವಾಟು 40 ಲಕ್ಷದ ಹತ್ತಿರವೂ ಇಲ್ಲ. ಪುಸ್ತಕ ಬರೆದಿಟ್ಟಿದ್ದೀನಿ, ದಿನಾ. ನೀವು ಎಷ್ಟಕ್ಕೆ ಬಿಲ್ ಕೊಡ್ತೀರಿ ಅಂತ ನಾನು ಕೇಳಿದ್ನಾ?

ಲೆಕ್ಕದ ಮೇಷ್ಟ್ರು:
ಅಕ್ಕ, ಬೇಸರ ಬೇಡ, ಒಂದು ಮಾತು. ಆ್ಯಪ್ ಇಲ್ಲದೆ ನೀವೇ ನೇರ ಮಾರಿದರೂ ಹೊರರಾಜ್ಯಕ್ಕೆ ಸೀರೆ ಕಳಿಸೋಕೆ ನೋಂದಣಿ ಬೇಕು. ಅಲ್ಲಿ 40 ಲಕ್ಷದ ಮಾತಿಲ್ಲ.

ದುರ್ಗದ ಸೀರೆ ಅಕ್ಕ:
ನಾನು ಹೊರಗೆ ಕಳಿಸ್ತೀನಿ ಅಂತ ಯಾರು ಹೇಳಿದ್ದು? ಎಲ್ಲರಿಗೂ ನನ್ನ ಲೆಕ್ಕವೇ ಬೇಕಾ ಇಲ್ಲಿ?

ಚೌಕಿಪೇಟೆ ಹುಡುಗ:
ದಯವಿಟ್ಟು ಜಗಳ ಬೇಡ. ಮಕ್ಕಳ ಬಟ್ಟೆಗೆ ಸೈಜ್ ಹೇಗೆ ಹಾಕ್ತೀರಿ? 20, 22, 24 ಅಂತ ನಮ್ಮ ನಂಬರ್ ಹೇಳಿದರೆ ಫೋನಲ್ಲಿ ಯಾರಿಗೂ ಅರ್ಥ ಆಗೋದಿಲ್ಲ.

ಬಳ್ಳಾರಿ ಜೀನ್ಸ್:
ವಯಸ್ಸು ಬರೀಬೇಡಿ, ಅದರಲ್ಲೇ ರಿಟರ್ನ್ ಜಾಸ್ತಿ. ಒಂದೇ ವಯಸ್ಸಿನ ಮಕ್ಕಳಲ್ಲಿ ಒಬ್ಬ ದಪ್ಪ, ಒಬ್ಬ ಕಡ್ಡಿ. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಭುಜ, ಎದೆ, ಉದ್ದದ ಮೇಲೆ ಟೇಪ್ ಇಟ್ಟು ಫೋಟೋ ಹಾಕಿ. ಮನೆಯಲ್ಲಿರೋ ಸರಿಹೊಂದುವ ಅಂಗಿ ಅಳೆದು ನೋಡಿ ಅಂತ ಕೆಳಗೆ ಬರೀರಿ. ನೈಟಿ ಅಣ್ಣ, ಆ ಬೀರು ಮೇಲಿನ ಪ್ರಿಂಟರ್ ಥರ್ಮಲ್ಲಾ? ನಾಲ್ಕು ಇಂಚಿನದಾ? ಕೊಡೋ ಹಾಗಿದ್ದರೆ ಹೇಳಿ.

ನೈಟಿ ಹೋಲ್‌ಸೇಲ್:
ಥರ್ಮಲ್ಲೇ, ನಾಲ್ಕು ಇಂಚು. ಹೊಸದರಂತಿದೆ. 7,800 ಕೊಟ್ಟಿದ್ದೆ. 5,000 ಕೊಟ್ಟರೆ ಎರಡು ರೋಲ್ ಸೇರಿಸಿ ಕೊಡ್ತೀನಿ.

ಬಳ್ಳಾರಿ ಜೀನ್ಸ್:
ಅದೇ ಪ್ರಿಂಟರ್ ಆ್ಯಪ್‌ನಲ್ಲಿ ಹೊಸದೇ 4,600ಕ್ಕೆ ಬರ್ತಿದೆಯಲ್ಲ ಅಣ್ಣ.