ಲೇಕ್ ಕೌಂಟಿಯಲ್ಲಿ ಮನೆ ತಗೊಂಡವರು ದಯವಿಟ್ಟು ನಿಮ್ಮ ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಇಲಿನಾಯ್‌ನ ಲೇಕ್ ಕೌಂಟಿಯ ವರ್ನನ್ ಹಿಲ್ಸ್‌ನಲ್ಲಿ ಮೂರು ವರ್ಷದಿಂದ ಬಾಡಿಗೆಗಿದ್ದೇವೆ. ನನ್ನ ಕೆಲಸ ನಾರ್ತ್ ಶಿಕಾಗೋದ ಒಂದು ಔಷಧ ಕಂಪನಿಯಲ್ಲಿ. ನಮ್ಮ ಮನೆಯವರು ವಾರಕ್ಕೆ ಎರಡು ದಿನ ಶಿಕಾಗೋ ಡೌನ್‌ಟೌನ್‌ಗೆ ಹೋಗಬೇಕು. ಮಗಳು ಮುಂದಿನ ವರ್ಷ ಕಿಂಡರ್‌ಗಾರ್ಟನ್ ಸೇರುತ್ತಾಳೆ. ಬಾಡಿಗೆ ಪ್ರತಿ ವರ್ಷ ಏರುತ್ತಿದೆ. ಮನೆ ತಗೊಳ್ಳೋಣ ಅಂದರೆ ಬಡ್ಡಿ ನೋಡಿ ಭಯ ಆಗುತ್ತದೆ. ಯಾವ ಊರು, ಏನೇನು ನೋಡಬೇಕು?

ಗ್ರೇಸ್‌ಲೇಕ್ ಕಡೆಯಿಂದ:

ಮೇಡಂ, ಮೊದಲು ಮನೆಯ ಬೆಲೆ ನೋಡಬೇಡಿ, ಅದರ ತೆರಿಗೆ ಬಿಲ್ ನೋಡಿ. ಇದನ್ನು ನಮಗೆ ಯಾರೂ ಹೇಳಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ನಾವು ಹೊಸದಾಗಿ ಕಟ್ಟಿದ ಮನೆ ತಗೊಂಡೆವು. ಇಲ್ಲಿ ಆಸ್ತಿ ತೆರಿಗೆ ಒಂದು ವರ್ಷ ತಡವಾಗಿ ಬರುತ್ತದೆ, ಅಂದರೆ 2023ರ ತೆರಿಗೆಯನ್ನು 2024ರಲ್ಲಿ ಎರಡು ಕಂತಲ್ಲಿ ಕಟ್ಟುತ್ತೀರಿ. ನಮ್ಮ ಮೊದಲ ಬಿಲ್ ಬಂದಿದ್ದು ಖಾಲಿ ಸೈಟಿನ ಲೆಕ್ಕದಲ್ಲಿ, ಕೆಲವೇ ನೂರು ಡಾಲರ್. ಬ್ಯಾಂಕಿನವರು ಅದನ್ನೇ ಹಿಡಿದು ಎಸ್ಕ್ರೋ (ತೆರಿಗೆ, ವಿಮೆಗೆ ಅಂತ ತಿಂಗಳ ಕಂತಿನ ಜೊತೆಗೇ ಹಿಡಿದಿಡುವ ಹಣ) ಲೆಕ್ಕ ಹಾಕಿದರು. ಬಿಲ್ಡರ್ ಕಡೆಯವರೂ ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಪೂರ್ತಿ ಮನೆಗೆ ಬಿಲ್ ಬಂತು ನೋಡಿ, 12 ಸಾವಿರ ಡಾಲರ್ ಮೇಲೆ! ಎಸ್ಕ್ರೋದಲ್ಲಿ ಕೊರತೆಯಾಗಿದ್ದನ್ನೂ ಸೇರಿಸಿ ತಿಂಗಳ ಕಂತು ಸಾವಿರಕ್ಕಿಂತ ಜಾಸ್ತಿ ಏರಿತು. ಆ ವರ್ಷ ಊರಿಗೆ ಹೋಗುವುದನ್ನೇ ಬಿಟ್ಟೆವು. ಅಮ್ಮನಿಗೆ ಏನು ಹೇಳಬೇಕು ಅಂತಲೇ ಗೊತ್ತಾಗಲಿಲ್ಲ.

ಹಾಗಾಗಿ ಹೊಸ ಮನೆಯಾದರೆ, ಅದೇ ಬೀದಿಯಲ್ಲಿ ಎರಡು ಮೂರು ವರ್ಷ ಹಳೆಯ ಮನೆಯ ಬಿಲ್ ತೆಗೆದು ನೋಡಿ. ಕೌಂಟಿಯ ವೆಬ್‌ಸೈಟಿನಲ್ಲಿ ಯಾವ ವಿಳಾಸದ್ದಾದರೂ ಸಿಗುತ್ತದೆ. ಮಾರುಕಟ್ಟೆ ಬೆಲೆಯ ಮೂರನೇ ಒಂದು ಭಾಗಕ್ಕೆ ಮೌಲ್ಯ ಹಾಕಿ, ಅದರ ಮೇಲೆ ತೆರಿಗೆ ಹಾಕುತ್ತಾರೆ. ನೀವೇ ವಾಸ ಇದ್ದರೆ ಆ ಮೌಲ್ಯದಲ್ಲಿ 8,000 ಕಳೆಯುತ್ತಾರೆ. ನಿಮ್ಮ ಕಡೆ ದರ ನೂರಕ್ಕೆ 9 ಇದ್ದರೆ ಅದರಿಂದ ವರ್ಷಕ್ಕೆ 720 ಡಾಲರ್ ಉಳಿಯುತ್ತದೆ. ಈ ವಿನಾಯಿತಿ ನಿಮ್ಮ ಹೆಸರಿಗೆ ಬಂದಿದೆಯಾ ಅಂತ ಟೌನ್‌ಶಿಪ್ ಅಸೆಸರ್ (ಮನೆಗಳ ಮೌಲ್ಯ ಹಾಕುವವರು) ಆಫೀಸಿನಲ್ಲಿ ಕೇಳಿ. ಮೌಲ್ಯ ಜಾಸ್ತಿ ಅನಿಸಿದರೆ ಅದು ಪ್ರಕಟವಾದ 30 ದಿನದೊಳಗೆ ಕೌಂಟಿಯ ಬೋರ್ಡ್ ಆಫ್ ರಿವ್ಯೂಗೆ ಅಪೀಲು ಹಾಕಬಹುದು. ನಾನು ಅಕ್ಕಪಕ್ಕದ ಮಾರಾಟದ ಬೆಲೆಗಳನ್ನು ಕೊಟ್ಟು ಹಾಕಿದೆ, ಸ್ವಲ್ಪ ಇಳಿಸಿದರು.

ಬಫಲೋ ಗ್ರೋವ್‌ನಿಂದ:

ಅಕ್ಕ, ಶಾಲೆಯ ಗಡಿ ಬೇರೆ, ಊರಿನ ಗಡಿ ಬೇರೆ. ನಮ್ಮೂರೇ ಎರಡು ಕೌಂಟಿಯಲ್ಲಿದೆ. ಉತ್ತರದ ಲೇಕ್ ಕೌಂಟಿ ಭಾಗಕ್ಕೆ ಸ್ಟೀವನ್ಸನ್ ಹೈಸ್ಕೂಲು. ಬಫಲೋ ಗ್ರೋವ್ ಹೈಸ್ಕೂಲು ಅಂತ ಹೆಸರಿರುವುದು ದಕ್ಷಿಣದಲ್ಲಿ, ಕುಕ್ ಕೌಂಟಿಯಲ್ಲಿದೆ. ವರ್ನನ್ ಹಿಲ್ಸ್‌ನಲ್ಲೂ ಎಲ್ಲ ಮನೆಗಳೂ ಒಂದೇ ಹೈಸ್ಕೂಲಿಗೆ ಸೇರಲ್ಲ. ಜಾಹೀರಾತು ನಂಬಬೇಡಿ, ವಿಳಾಸ ಕೊಟ್ಟು ಸ್ಕೂಲ್ ಡಿಸ್ಟ್ರಿಕ್ಟ್ ಆಫೀಸಿಗೇ ಫೋನ್ ಮಾಡಿ. ತೆರಿಗೆಯ ದೊಡ್ಡ ಪಾಲು ಹೋಗುವುದೂ ಶಾಲೆಗಳಿಗೇ ಅಲ್ವಾ?

ರೈಲಿನದೂ ಒಂದು ಮಾತು. ನಿಮಗೆ ಹತ್ತಿರದ ನಾರ್ತ್ ಸೆಂಟ್ರಲ್ ಲೈನಿನಲ್ಲಿ ಶನಿವಾರ, ಭಾನುವಾರ ರೈಲೇ ಇಲ್ಲ. ಲಿಬರ್ಟಿವಿಲ್‌ನ ಮಿಲ್ವಾಕಿ ಲೈನಿನಲ್ಲಿ ಇದೆ. ಭಾವನವರಿಗೆ ಡೌನ್‌ಟೌನ್ ಕೆಲಸ ಅಂದರೆ ಸಂಜೆ ಕೊನೆಯ ರೈಲು ಎಷ್ಟು ಹೊತ್ತಿಗೆ ಅಂತ ನೋಡಿಯೇ ಮನೆ ಹುಡುಕಿ.

ಗರ್ನಿಯಿಂದ, 24 ವರ್ಷದಿಂದ ಇಲ್ಲೇ ಇರುವವರು:

ನೋಡಮ್ಮ, ಈ ಕೌಂಟಿಯ ಪೂರ್ವಕ್ಕೆ ಮಿಶಿಗನ್ ಸರೋವರ, ಪಶ್ಚಿಮಕ್ಕೆ ಫಾಕ್ಸ್ ನದಿಯ ಚೈನ್ ಓ ಲೇಕ್ಸ್, ನಡುವೆ ಡೆಸ್ ಪ್ಲೇನ್ಸ್ ನದಿ. ಬೇಸಿಗೆಯಲ್ಲಿ ನೋಡಲು ಚಂದ. ಆದರೆ 2017ರ ಜುಲೈನಲ್ಲಿ ಮಳೆ ಸುರಿದಾಗ ಡೆಸ್ ಪ್ಲೇನ್ಸ್ ಉಕ್ಕಿ ನಮ್ಮೂರಿನ ಎಷ್ಟೋ ಬೇಸ್‌ಮೆಂಟುಗಳು ತುಂಬಿದವು. ನಮ್ಮ ಮನೆ ನದಿಯಿಂದ ದೂರ. ಆದರೂ ಕರೆಂಟು ಹೋಗಿ ಬೇಸ್‌ಮೆಂಟಿನ ನೀರು ಹೊರಹಾಕುವ ಸಂಪ್ ಪಂಪ್ ನಿಂತಿತು, ಮೊಣಕಾಲುದ್ದ ನೀರು. ಮಕ್ಕಳ ಹಳೆಯ ಫೋಟೋಗಳೆಲ್ಲ ಹಾಳಾದವು. ಮಾಮೂಲಿ ಮನೆ ವಿಮೆಗೆ ಪ್ರವಾಹ ಸೇರಲ್ಲ. ಚರಂಡಿ ನೀರು ಹಿಂದಕ್ಕೆ ಬಂದರೆ ಅದಕ್ಕೂ ಬೇರೆಯೇ ದುಡ್ಡು ಕೊಟ್ಟು ಸೇರಿಸಿಕೊಳ್ಳಬೇಕು. ಬ್ಯಾಟರಿ ಇರುವ ಪಂಪ್ ಹಾಕಿಸಿ. ಇನ್ಸ್‌ಪೆಕ್ಷನ್ ಜೊತೆಗೆ ರೇಡಾನ್ (ನೆಲದಿಂದ ಮನೆಯೊಳಗೆ ಬರುವ ವಿಕಿರಣದ ಅನಿಲ) ಪರೀಕ್ಷೆಯನ್ನೂ ಮಾಡಿಸಿ. ಪಶ್ಚಿಮದ ಹಳೆಯ ಮನೆಗಳಲ್ಲಿ ಬಾವಿ ನೀರು, ಸೆಪ್ಟಿಕ್ ಟ್ಯಾಂಕ್ ಇರುತ್ತದೆ, ಅವನ್ನೂ ಬಿಡಬೇಡಿ.

ಇನ್ನು ಕೆಲಸದ ಮಾತು. ಆಬಟ್, ಆಬ್‌ವೀ, ಬ್ಯಾಕ್ಸ್‌ಟರ್‌ನಂಥ ಔಷಧ, ವೈದ್ಯಕೀಯ ಕಂಪನಿಗಳು, ಗ್ರೇಟ್ ಲೇಕ್ಸ್ ನೌಕಾನೆಲೆ, ಇಂಥವುಗಳಿಂದಲೇ ಇಲ್ಲಿನ ಮನೆಗಳಿಗೆ ಗಿರಾಕಿ. ಅಂಥ ಆಧಾರ ಕಳಚಿದರೆ ಏನಾಗುತ್ತದೆ ಅಂತ ಜಯಾನ್ ಊರನ್ನು ನೋಡಿ. 1998ರಲ್ಲಿ ಅಲ್ಲಿನ ಅಣುಸ್ಥಾವರ ಮುಚ್ಚಿತು. ಅದು ಕಟ್ಟುತ್ತಿದ್ದ ತೆರಿಗೆಯ ಹೊರೆ ಮನೆಗಳವರ ಮೇಲೆ ಬಿತ್ತು. ಅಲ್ಲಿ ಮನೆ ಅಗ್ಗ, ಆದರೆ ಬೆಲೆಗೆ ಹೋಲಿಸಿದರೆ ತೆರಿಗೆ ತುಂಬಾ ಜಾಸ್ತಿ. ವಾಕೀಗನ್‌ನಲ್ಲೂ ದೋಣಿ ಇಂಜಿನ್ ಮಾಡುತ್ತಿದ್ದ ಔಟ್‌ಬೋರ್ಡ್ ಮರೀನ್ 2000ದಲ್ಲಿ ದಿವಾಳಿಯಾಯಿತು. ನನ್ನ ಪಕ್ಕದ ಮನೆಯವರು ಅಲ್ಲಿ ದುಡಿದವರು, ಮತ್ತೆ ಅಂಥ ಕೆಲಸ ಸಿಗಲೇ ಇಲ್ಲ. ಹೆದರಿಸಲು ಹೇಳುತ್ತಿಲ್ಲ. ಇಬ್ಬರಲ್ಲಿ ಒಬ್ಬರ ಸಂಬಳದಲ್ಲಿ ಕಂತು, ತೆರಿಗೆ ಎರಡೂ ನಡೆಯುತ್ತದೆಯಾ ಅಂತ ಲೆಕ್ಕ ಹಾಕಿ. ನಡೆಯದಿದ್ದರೆ ಸಣ್ಣ ಟೌನ್‌ಹೌಸ್ ನೋಡಿ.

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್. ತೆರಿಗೆ ತಡವಾಗಿ ಬರುತ್ತದೆ ಅಂತ ಗೊತ್ತೇ ಇರಲಿಲ್ಲ. ಬಡ್ಡಿ ಇಳಿಯುವವರೆಗೆ ಕಾಯಬೇಕಾ?

ಗ್ರೇಸ್‌ಲೇಕ್ ಕಡೆಯಿಂದ:

2021ರಲ್ಲಿ ನೂರಕ್ಕೆ 3ರ ಆಸುಪಾಸಿನ ಬಡ್ಡಿಗೆ ಸಾಲ ಮಾಡಿದವರು ಮನೆ ಬಿಟ್ಟು ಹೋಗುತ್ತಿಲ್ಲ, ಅದಕ್ಕೇ ಮಾರಾಟಕ್ಕೆ ಬರುವ ಮನೆ ಕಡಿಮೆ. ಬಡ್ಡಿ ಇಳಿದರೆ ಕೊಳ್ಳುವವರೂ ಜಾಸ್ತಿಯಾಗುತ್ತಾರೆ. ನನ್ನನ್ನು ಕೇಳಿದರೆ ಬಡ್ಡಿಗಾಗಿ ಕಾಯಬೇಡಿ, ಐದಾರು ವರ್ಷ ಇಲ್ಲೇ ಇರುವುದು ಖಾತ್ರಿಯಾದರೆ ಹುಡುಕಿ. ಇನ್ನೂ ವೀಸಾ, ಗ್ರೀನ್ ಕಾರ್ಡ್ ಗೊಂದಲ ಇದ್ದರೆ ಬಾಡಿಗೆಯೇ ಒಳ್ಳೆಯದು. ಬೇಗ ಮಾರಬೇಕಾಗಿ ಬಂದರೆ ಏಜೆಂಟ್ ಕಮಿಷನ್ನಿಗೇ ಉಳಿದದ್ದೆಲ್ಲ ಹೋಗುತ್ತದೆ. ಸಹಿ ಹಾಕಿದ ಮೇಲೂ ನಿಮ್ಮ ಅಟಾರ್ನಿ (ವಕೀಲರು) ಕಾಗದ ನೋಡಲು ಸಾಮಾನ್ಯವಾಗಿ ಐದು ಕೆಲಸದ ದಿನ ಇರುತ್ತದೆ, ಆಗ ತೆರಿಗೆ ಕ್ರೆಡಿಟ್ (ಇನ್ನೂ ಬಿಲ್ ಬರದ ತೆರಿಗೆಗೆ ಮಾರುವವರು ಕೊಡುವ ಪಾಲು) ಎಷ್ಟು ಅಂತ ಕೇಳಿ. ಮನೆ ಗೊತ್ತಾದರೆ ವಿಳಾಸ ನನಗೆ ಖಾಸಗಿಯಾಗಿ ಕಳಿಸಿ, ಹಳೆಯ ಬಿಲ್ಲುಗಳನ್ನು ಒಟ್ಟಿಗೆ ಕೂತು ನೋಡೋಣ.