ಗೆಳತಿಯರ ಜೊತೆ ಹೆಣಿಗೆ: ಕೊಡಗಿನಲ್ಲಿ ಕೂಟ ನಡೆಸಿದವರು ಏನು ಹೇಳುತ್ತೀರಿ?

ನಾಪೋಕ್ಲು ಕಡೆಯಿಂದ, ಕೇಳಿದ್ದು

ಮದುವೆಯಾಗಿ ಈ ಕಡೆಗೆ ಬಂದವಳು ನಾನು. ಕೊಕ್ಕೆಕಡ್ಡಿಯ ಕ್ರೋಶಾ ಕೈಗೆ ಹತ್ತಿದೆ, ಎರಡು ಕಡ್ಡಿಯ ಸ್ವೆಟರ್ ಹೆಣಿಗೆ ಅರ್ಧಂಬರ್ಧ ಗೊತ್ತು. ಮಳೆಗಾಲದಲ್ಲಿ ಒಬ್ಬಳೇ ಕೂತು ಹೆಣೆಯುವುದು ಬೇಸರ. ಅಕ್ಕಪಕ್ಕದ ತೋಟದ ಮನೆಗಳಲ್ಲಿ ನಾಲ್ಕೈದು ಜನ ಆಸಕ್ತರಿದ್ದಾರೆ. ಇಬ್ಬರಿಗೆ ಏನೂ ಬಾರದು, ಒಬ್ಬರಿಗೆ ನನಗಿಂತ ಚೆನ್ನಾಗಿ ಬರುತ್ತದೆ. ವಾರಕ್ಕೊಮ್ಮೆ ಸೇರಬೇಕೆಂದಿದ್ದೇವೆ. ಎಲ್ಲಿ ಸೇರುವುದು, ಏನು ಹೆಣೆಯುವುದು, ಎಂಥ ಉಲ್ಲನ್ ತರುವುದು, ಎರಡೇ ತಿಂಗಳಿಗೆ ನಿಂತುಹೋಗದಂತೆ ನೋಡಿಕೊಳ್ಳುವುದು ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ವಿರಾಜಪೇಟೆ ಹತ್ತಿರದ ತೋಟದ ಮನೆಯಿಂದ

ಮೊದಲು ದಿನ ಗೊತ್ತುಮಾಡಿ, ಉಲ್ಲನ್ ಮಾತು ಆಮೇಲೆ. ನಮ್ಮ ಕೂಟ ಬುಧವಾರ, ಏಕೆಂದರೆ ವಿರಾಜಪೇಟೆಯ ಸಂತೆ ಬುಧವಾರ. ತೋಟದಿಂದ ಜೀಪು ಹೇಗೂ ಪೇಟೆಗೆ ಹೊರಡುತ್ತದೆ. ತರಕಾರಿ, ಒಣಮೀನು ಎಲ್ಲ ತೆಗೆದುಕೊಂಡ ಮೇಲೆ ಪೇಟೆಯಲ್ಲೇ ಇರುವ ಒಬ್ಬ ಅಕ್ಕನ ಮನೆಯ ಜಗಲಿಯಲ್ಲಿ ಎರಡು ಗಂಟೆ ಕೂರುತ್ತೇವೆ. ಹೆಣಿಗೆಗೆಂದೇ ಹೊರಡುವುದಾದರೆ ಮನೆಯಲ್ಲಿ ನೂರು ಕೆಲಸ ಅಡ್ಡ ಬರುತ್ತವೆ. ಸಂತೆಗೆ ಹೊರಟವರನ್ನು ಯಾರೂ ತಡೆಯುವುದಿಲ್ಲ.

ವರ್ಷವಿಡೀ ನಡೆಯಲೇಬೇಕೆಂಬ ಹಠ ಬೇಡ. ಕೊಡಗಿನಲ್ಲಿ ಹೆಣಿಗೆಗೆ ಒದಗುವ ಕಾಲ ಜೂನ್‌ನಿಂದ ಸೆಪ್ಟೆಂಬರ್. ಸೆಪ್ಟೆಂಬರ್ ಮೊದಲಿಗೆ ಬರುವ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಮುಗಿದ ಮೇಲೆ ಬರುವವರು ಕಡಿಮೆಯಾಗುತ್ತಾರೆ. ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ ಕಾಫಿ ಹಣ್ಣಾಗುತ್ತಿರುತ್ತದೆ. ಅಲ್ಲಿಂದ ಮುಂದೆ ಕೊಯ್ಲು, ಕಣ, ಕೂಲಿಯ ಲೆಕ್ಕ. ಫೆಬ್ರವರಿ ಮುಗಿಯುವವರೆಗೆ ಯಾರ ಕೈಯೂ ಖಾಲಿ ಇರುವುದಿಲ್ಲ. ಆಗ ಬಾರದವರ ಮೇಲೆ ಮುನಿಸಿಕೊಂಡು ಕೂಟ ಒಡೆದುಕೊಂಡವರನ್ನು ಕಂಡಿದ್ದೇನೆ. ನಾವು ಹುತ್ತರಿಗೆ ಬಾಗಿಲು ಹಾಕಿ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ತೆರೆಯುತ್ತೇವೆ. ಮೊದಲೇ ಹೇಳಿಬಿಟ್ಟರೆ ಅದು ರಜೆ, ಹೇಳದಿದ್ದರೆ ಜಗಳ.

ಏನು ಹೆಣೆಯುವುದು ಎಂದು ಕೇಳಿದ್ದೀರಿ. ಕೂಟಕ್ಕೆ ತರುವ ಕೆಲಸ ಬುದ್ಧಿ ಬೇಡದ್ದಾಗಿರಬೇಕು. ಎಲ್ಲ ಸಾಲೂ ಸೀದಾ ಹೆಣೆಯುವ ಮಫ್ಲರ್ ಅತ್ಯುತ್ತಮ. ಅದು ಅಂಚಿನಲ್ಲಿ ಸುರುಳಿ ಸುತ್ತುವುದಿಲ್ಲ, ಎಲ್ಲಿ ನಿಲ್ಲಿಸಿದಿರಿ ಎಂದು ನೆನಪಿಡಬೇಕಾಗಿಲ್ಲ, ಕರೆಂಟ್ ಹೋದರೂ ಬೆರಳಿಗೇ ದಾರಿ ಗೊತ್ತಿರುತ್ತದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ಚಂದ ಕಾಣುತ್ತದೆ, ಆದರೆ ಬದಿಗಳು ಒಳಕ್ಕೆ ಸುತ್ತಿಕೊಳ್ಳುತ್ತವೆ. ಹೊಸಬರು ತಾವೇನೋ ತಪ್ಪಿದೆವೆಂದು ಬಿಚ್ಚುತ್ತ ಕೂರುತ್ತಾರೆ. ಜಡೆ ವಿನ್ಯಾಸ, ಜಾಲರಿ ಕೆಲಸ ಮನೆಗಿರಲಿ. ಅದನ್ನು ತಂದವರು ಒಂದೋ ಮಾತಾಡುವುದಿಲ್ಲ, ಇಲ್ಲವೇ ಮಾತಾಡಿ ಆಮೇಲೆ ಬಿಚ್ಚುತ್ತಾರೆ. ನಾವು ಕೂರುವುದು ಮಾತಿಗೆ ತಾನೇ?

ತಿಂಡಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಒಬ್ಬರು ಬಾಳೆಹಣ್ಣು ಇಟ್ಟರೆ ಮುಂದಿನವರು ಪಾಪುಟ್ಟು, ಅದರ ಮುಂದಿನವರು ಕಡಂಬುಟ್ಟು ಮತ್ತು ಪಂದಿಕರಿ. ಆಮೇಲೆ ಸರದಿ ಬಂದಾಗ ಹೆದರುವಂತಾಗುತ್ತದೆ. ನಮ್ಮಲ್ಲಿ ಈಗ ಬೆಲ್ಲದ ಕಾಫಿ ಮತ್ತು ಒಣ ತಿಂಡಿ ಒಂದು, ಅಷ್ಟೇ. ಒಣ ಎಂಬ ಮಾತಿಗೆ ಕಾರಣವಿದೆ. ಆಗಸ್ಟ್ ಮೊದಲಿಗೆ, ಔಷಧಿಯ ಸೊಪ್ಪು ತಿನ್ನುವ ಕಕ್ಕಡ 18ರ ಆಸುಪಾಸಿನಲ್ಲಿ ಒಬ್ಬರು ಆ ಮದ್ದುಸೊಪ್ಪಿನ ಪಾಯಸ ತಂದರು. ಆ ನೇರಳೆ ರಸ ಹೆಬ್ಬೆರಳಿಗೆ ಅಂಟಿದ್ದು ನೋಡದೆ ಕಡ್ಡಿ ಹಿಡಿದವರ ಬಿಳಿ ಕುಲಾವಿಯಲ್ಲಿ ಪ್ರತಿ ಏಳೆಂಟು ಕುಣಿಕೆಗೊಂದು ನೇರಳೆ ಚುಕ್ಕೆ. ವಿನ್ಯಾಸವೆಂದೇ ಎಲ್ಲರೂ ಹೊಗಳಿದೆವು.

ಕುಶಾಲನಗರದಿಂದ

ಉಲ್ಲನ್ ಬಗ್ಗೆ ನಾನು ಹೇಳುತ್ತೇನೆ. ಉಂಡೆಗೆ ಸುತ್ತಿದ ಕಾಗದದಲ್ಲಿ ಬಣ್ಣದ ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆಯೂ, ಅಂದರೆ ಯಾವ ಸಲ ಬಣ್ಣ ಹಾಕಿದ ನೂಲು ಎಂಬ ಗುರುತೂ ಇರುತ್ತದೆ. ಬಣ್ಣ ಒಂದೇ ಆದರೂ ಲಾಟ್ ಬೇರೆಯಾದರೆ ಸ್ವೆಟರಿನ ತೋಳು ಒಂದು ಛಾಯೆ, ಬೆನ್ನು ಇನ್ನೊಂದು ಛಾಯೆ ಆಗುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಬಿಸಿಲಿಗೆ ಬಂದಾಗ ಕಣ್ಣಿಗೆ ರಾಚುತ್ತದೆ. ಬೇಕಾದಷ್ಟನ್ನು ಒಂದೇ ಸಲ ತನ್ನಿ. ಡಬಲ್ ನಿಟ್ಟಿಂಗ್ ಎನ್ನುವ ಸಾಮಾನ್ಯ ನಡುದಪ್ಪದ ನೂಲಿನಲ್ಲಿ ದೊಡ್ಡವರ ತುಂಬುತೋಳಿನ ಸ್ವೆಟರಿಗೆ 400ರಿಂದ 500 ಗ್ರಾಂ, ತೋಳಿಲ್ಲದ್ದಕ್ಕೆ 300ರ ಒಳಗೆ, ಟೋಪಿಗೆ 50ರಿಂದ 80 ಗ್ರಾಂ ಎಂದು ಅಂದಾಜು ಇಟ್ಟುಕೊಳ್ಳಿ.

ಅಜ್ಜಿಯರ ಪೆಟ್ಟಿಗೆಯಿಂದ ಹಳೆಯ ಕಡ್ಡಿಗಳು ಸಿಕ್ಕರೆ ಎಸೆಯಬೇಡಿ, ಆದರೆ ಸಂಖ್ಯೆಯನ್ನು ಸರಿಯಾಗಿ ಓದಿ. ಹಳೆಯ ಇಂಗ್ಲಿಷ್ ಅಳತೆಯ 8 ಎಂದರೆ ಈಗಿನ 4 ಮಿ.ಮೀ., 10 ಎಂದರೆ 3.25 ಮಿ.ಮೀ. ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ಸಣ್ಣದು.

ಮಳೆಗಾಲಕ್ಕೆ ಕುರಿಯ ಉಣ್ಣೆಗಿಂತ ಕೃತಕ ನೂಲು ಅಕ್ರಿಲಿಕ್ ಸಲೀಸು. ಉಣ್ಣೆ ತನ್ನ ತೂಕದ ಶೇ 30ರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಒಣಗಿದೆ ಎಂದು ಡಬ್ಬಿಗೆ ತುಂಬಿ, ತಿಂಗಳ ನಂತರ ತೆಗೆದರೆ ಬೂಷ್ಟಿನ ವಾಸನೆ. ಉಣ್ಣೆಯನ್ನು ನುಸಿಹುಳವೂ ತಿನ್ನುತ್ತದೆ, ಅಕ್ರಿಲಿಕ್ಕನ್ನು ತಿನ್ನುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಬಟ್ಟೆಯನ್ನು ಒಲೆಯ ಮೇಲೆ ಕಟ್ಟಿ ಒಣಗಿಸುತ್ತಾರಲ್ಲ, ಅಕ್ರಿಲಿಕ್ ಅಲ್ಲಿಗೆ ಹೋಗಕೂಡದು. ಬಿಸಿ ತಾಗಿದರೆ ಜೋತುಬೀಳುತ್ತದೆ, ಕಿಡಿ ತಾಗಿದರೆ ಕರಗುತ್ತದೆ.

ಇನ್ನೊಂದು ಸಲಹೆ. ಕಾವೇರಿ ದಾಟಿದರೆ ಬೈಲಕುಪ್ಪೆ. 1961ರಿಂದ ಇರುವ ಟಿಬೆಟನ್ನರ ನೆಲೆ. ಅಲ್ಲಿ ರತ್ನಗಂಬಳಿ ನೇಯುವ ಕಸುಬೂ ಇದೆ. ಸುವರ್ಣ ದೇವಾಲಯ ನೋಡಿ ಮರಳಿಬಿಡುವ ಬದಲು, ಕೂಟದವರೆಲ್ಲ ಒಂದು ದಿನ ಹೋಗಿ ಮಗ್ಗದ ಕೆಲಸ ನೋಡಿ ಬನ್ನಿ. ರತ್ನಗಂಬಳಿಯ ನೂಲು ಒರಟು, ಟೋಪಿಗೆ ಆಗದು. ಬಣ್ಣ ಕೂಡಿಸುವ ರೀತಿಯನ್ನು ಮಾತ್ರ ಕಣ್ತುಂಬ ನೋಡಬೇಕು.

ಮಡಿಕೇರಿಯಿಂದ, ನಿವೃತ್ತ ಶಿಕ್ಷಕಿ

ಏನೂ ಬಾರದ ಇಬ್ಬರ ಬಗ್ಗೆ ಯಾರೂ ಹೇಳಲಿಲ್ಲ. ಅವರಿಗೆ ಮೊದಲು ಕ್ರೋಶಾ ಕಲಿಸಿ. ಅದರಲ್ಲಿ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಜಾರಿದರೂ ನಷ್ಟ ಸ್ವಲ್ಪ. ಸ್ವೆಟರ್ ಹೆಣಿಗೆಯಲ್ಲಿ ಒಂದು ಕುಣಿಕೆ ಜಾರಿದರೆ ಅದು ಸಾಲು ಸಾಲಾಗಿ ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ, ಹೊಸಬರ ಧೈರ್ಯವೂ ಅದರೊಂದಿಗೆ ಇಳಿಯುತ್ತದೆ. ಹೆಣಿಗೆಯೇ ಬೇಕೆಂದರೆ 5 ಮಿ.ಮೀ. ಕಡ್ಡಿ, ತಿಳಿಬಣ್ಣದ ದಪ್ಪ ನೂಲು, 20 ಕುಣಿಕೆ. ಮಳೆಗಾಲದ ಮಬ್ಬು ಬೆಳಕಿನಲ್ಲಿ ಕಪ್ಪು, ಕಡುನೀಲಿ ಹಿಡಿಸಿದರೆ ಕಣ್ಣಿಗೂ ಕಷ್ಟ, ತಪ್ಪೂ ಕಾಣುವುದಿಲ್ಲ. ಪ್ರತಿ ಸಾಲಿನ ಕೊನೆಗೆ ಬಾಯಿಬಿಟ್ಟು ಎಣಿಸಲು ಹೇಳಿ. ಹೊಸಬರು ಅಂಚಿನಲ್ಲಿ ಅರಿವಿಲ್ಲದೆ ಕುಣಿಕೆ ಸೇರಿಸುತ್ತಾ ಹೋಗುತ್ತಾರೆ, ಮಫ್ಲರ್ ತ್ರಿಕೋನವಾಗುತ್ತದೆ.

ಕಲಿಸುವವರು ಪಕ್ಕದಲ್ಲಿ ಕೂರಬೇಕು. ಕಲಿಯುವವರು ಎಡಗೈಯವರಾದರೆ ಎದುರಿಗೆ ಕೂರಿ, ಕನ್ನಡಿಯಲ್ಲಿ ನೋಡಿದಂತೆ ಅವರಿಗೆ ನೇರವಾಗಿ ಕಾಣುತ್ತದೆ. ಒಬ್ಬರಿಗೆ ಒಬ್ಬರೇ ಗುರು. ನೂಲನ್ನು ಕೆಲವರು ಬಲಗೈಯಲ್ಲಿ ಹಿಡಿಯುತ್ತಾರೆ, ಕೆಲವರು ಎಡಗೈಯಲ್ಲಿ. ಎರಡೂ ಸರಿ, ಆದರೆ ಒಂದೇ ಮಧ್ಯಾಹ್ನ ಎರಡನ್ನೂ ತೋರಿಸಿದರೆ ಕಲಿಯುವವರು ಮುಂದಿನ ವಾರ ಬರುವುದಿಲ್ಲ. ಕ್ರೋಶಾ ವಿನ್ಯಾಸ ಮೊಬೈಲಿನಲ್ಲಿ ನೋಡುವಾಗ ಅದು ಅಮೆರಿಕದ್ದೋ ಬ್ರಿಟನ್ನಿನದ್ದೋ ಎಂದು ಮೊದಲು ನೋಡಿಕೊಳ್ಳಿ. ಅಮೆರಿಕದವರು ಸಿಂಗಲ್ ಎನ್ನುವ ಕುಣಿಕೆಯೇ ಬ್ರಿಟನ್ನಿನವರ ಡಬಲ್. ಒಂದೇ ಹೂವು ಇಬ್ಬರ ಕೈಯಲ್ಲಿ ಎರಡು ಗಾತ್ರ ಆಗುವುದು ಹೀಗೆಯೇ.

ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಮಣಿಕಟ್ಟು ತಿರುಗಿಸಿ. ಬೆರಳು ಜೋಮು ಹಿಡಿದರೆ ಆ ದಿನದ ಹೆಣಿಗೆ ಮುಗಿಯಿತು ಎಂದರ್ಥ, ಮಾತು ಮುಂದುವರಿಸಬಹುದು.

ಸೋಮವಾರಪೇಟೆಯಿಂದ

ಗೆಳತಿಯರ ಜೊತೆ ಎಂದು ಬರೆದಿದ್ದೀರಿ. ನಾನು ಸೈನ್ಯದಿಂದ ನಿವೃತ್ತ, ಕಾಲುಚೀಲ ಹೆಣೆಯುತ್ತೇನೆ. ಇಲ್ಲಿನ ಕೂಟದಲ್ಲಿ ಗಂಡಸು ನಾನೊಬ್ಬನೇ. ಮೊದಮೊದಲು ನಾನು ಬಂದರೆ ಮಾತು ನಿಲ್ಲುತ್ತಿತ್ತು, ಈಗ ಹಿಮ್ಮಡಿ ತಿರುಗಿಸುವುದು ಬಾರದವರೆಲ್ಲ ನನ್ನ ಪಕ್ಕದ ಕುರ್ಚಿ ಹಿಡಿಯುತ್ತಾರೆ. ವಿಡಿಯೊ ನಂಬಿಕೊಂಡು ಹೋಗಬೇಡಿ, ಗಾಳಿಮಳೆಗೆ ನೆಟ್‌ವರ್ಕ್ ಇರುವುದಿಲ್ಲ. ವಿನ್ಯಾಸವನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಗೋಣಿಕೊಪ್ಪದಿಂದ

ಎಲ್ಲರೂ ಕೂಡಿ ಒಂದು ಹೊದಿಕೆ ಮಾಡಿ. ಕ್ರೋಶಾದ ಚೌಕಗಳನ್ನು ಒಬ್ಬೊಬ್ಬರು ಮನೆಯಲ್ಲಿ ಮಾಡುವುದು, ಕೂಟದಲ್ಲಿ ಜೋಡಿಸುವುದು. 2016ರ ಜನವರಿಯಲ್ಲಿ ಚೆನ್ನೈನಲ್ಲಿ 11,000 ಚದರ ಮೀಟರಿಗೂ ದೊಡ್ಡದಾದ ಕ್ರೋಶಾ ಹೊದಿಕೆ ಗಿನ್ನೆಸ್ ದಾಖಲೆ ಸೇರಿತಲ್ಲ, ಅದೂ ಹಲವರು ಹೆಣೆದ ತುಂಡುಗಳನ್ನು ಜೋಡಿಸಿ ಆದದ್ದೇ. ನಮಗೆ ಮಂಚಕ್ಕಾದರೆ ಸಾಕು. ಕಡ್ಡಿಯ ಗಾತ್ರ ಎಲ್ಲರಿಗೂ ಒಂದೇ ಇರಲಿ, ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ ಎಲ್ಲರಿಗೂ ಕೊಡಿ. ಬಿಗಿ ಕೈಯವರ ಚೌಕ ಸಣ್ಣದು, ಸಡಿಲ ಕೈಯವರದ್ದು ದೊಡ್ಡದು. ರಟ್ಟಿಗೆ ಹೊಂದಿಸದೆ ಜೋಡಿಸಿದರೆ ಹೊದಿಕೆ ನಡುವೆ ಉಬ್ಬುತ್ತದೆ.

ಆಸ್ಪತ್ರೆಗೆ ಹಸುಗೂಸುಗಳ ಟೋಪಿ ಕೊಡುವ ಯೋಚನೆ ಎಲ್ಲ ಕೂಟಕ್ಕೂ ಬರುತ್ತದೆ. ಒಳ್ಳೆಯದೇ, ಆದರೆ ಮೊದಲು ದಾದಿಯರನ್ನು ಕೇಳಿ. ಮೆತ್ತಗಿರಬೇಕು, ಪದೇ ಪದೇ ಒಗೆಯಲು ಬರಬೇಕು, ಗುಂಡಿ, ದಾರ, ಗೊಂಡೆ ಇರಬಾರದು. ಮಾರಾಟಕ್ಕೆ ಮಾತ್ರ ಇಳಿಯಬೇಡಿ. ಪಕ್ಕದ ಊರಿನವರು ಪ್ರವಾಸಿಗರಿಗೆಂದು ಆರ್ಡರ್ ಹಿಡಿದರು. ಯಾರು ಎಷ್ಟು ಹೆಣೆದರು ಎಂಬ ಲೆಕ್ಕ ಶುರುವಾಯಿತು, ಹರಟೆ ನಿಂತಿತು.

ನಾಪೋಕ್ಲು ಕಡೆಯಿಂದ, ಮತ್ತೆ

ಎಲ್ಲರಿಗೂ ವಂದನೆ. ಮಾರಾಟ ಬೇಡ ಎಂಬುದನ್ನು ಮಾತ್ರ ನಮ್ಮವರು ಒಪ್ಪುವರೋ ನೋಡಬೇಕು. ಇನ್ನೆರಡು ಸಂಶಯ. ನನಗೆ ಎರಡು ವರ್ಷದ ಮಗುವಿದೆ, ಕರೆದುಕೊಂಡೇ ಬರಬೇಕು. ಹಾಗೆಯೇ, ಚೆನ್ನಾಗಿ ಬರುವ ಆ ಆಂಟಿ ಎಲ್ಲರ ಕೈಯಿಂದ ಕಡ್ಡಿ ಕಿತ್ತುಕೊಂಡು ತಾವೇ ಸರಿಮಾಡಿಬಿಡುತ್ತಾರೆ. ದೊಡ್ಡವರಿಗೆ ಹೇಗೆ ಹೇಳುವುದು?

ವಿರಾಜಪೇಟೆ ಹತ್ತಿರದ ತೋಟದ ಮನೆಯಿಂದ

ಮಗು ಬರಲಿ. ಆ ದಿನ ನೀವು ಕ್ರೋಶಾ ತನ್ನಿ, ಚೂಪು ತುದಿಯ ಉದ್ದ ಕಡ್ಡಿ ಬೇಡ. ಕತ್ತರಿ, ಸೂಜಿ ಎಲ್ಲವೂ ಮುಚ್ಚಳದ ಡಬ್ಬಿಯಲ್ಲಿರಲಿ. ಉಂಡೆಯನ್ನು ಚೀಲದೊಳಗಿಟ್ಟು ನೂಲಿನ ತುದಿ ಮಾತ್ರ ಹೊರಗೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಮಗು, ಬೆಕ್ಕು ಇಬ್ಬರೂ ಎಳೆಯುತ್ತಾರೆ.

ಆಂಟಿಗೆ ಏನೂ ಹೇಳಬೇಡಿ, ಕೆಲಸ ಕೊಡಿ. ಗೋಣಿಕೊಪ್ಪದವರು ಹೇಳಿದ ಹೊದಿಕೆಯ ಜೋಡಣೆ ಅವರದ್ದಾಗಲಿ. ಚೌಕ ಜೋಡಿಸುವುದು ಎರಡು ಕೈಗೂ ಬಿಡುವಿಲ್ಲದ ಕೆಲಸ, ಕೌಶಲವೂ ಬೇಕು, ಅವರಿಗೂ ಮರ್ಯಾದೆ. ಮುಂದಿನ ಬುಧವಾರ ಸಂತೆಗೆ ಈ ಕಡೆ ಬರುವುದಾದರೆ ಅವರನ್ನೂ ಕರೆದುಕೊಂಡು ನಮ್ಮ ಜೊತೆ ಒಮ್ಮೆ ಕೂತು ನೋಡಿ. 4 ಮಿ.ಮೀ. ಕಡ್ಡಿ ನೀವೇ ತನ್ನಿ. ನನ್ನದು ಯಾರ ಮನೆಯಲ್ಲಿದೆಯೆಂದು ಯಾರೂ ಬಾಯಿಬಿಡುತ್ತಿಲ್ಲ.