ಒಂದೇ ರೊಪ್ಪ, ಒಂದೇ ಮೇವು. ಒಂದು ಮರಿ 19 ಕಿಲೋ, ಇನ್ನೊಂದು 14. ಯಾಕೆ?

ಕಡೂರು ಹೈದ:
ಎರಡೂ ಟಗರು ಮರಿ. ಒಂದೇ ವಾರ ಹುಟ್ಟಿದವು, ಈಗ 6 ತಿಂಗಳು. ಅಪ್ಪನೂ ಒಬ್ಬನೇ. ಹಗಲು ಬಯಲಲ್ಲಿ ಮೇಯುತ್ತವೆ, ಸಂಜೆ ಹುರುಳಿ ಹೊಟ್ಟು, ಒಂದು ಹಿಡಿ ಮೆಕ್ಕೆಜೋಳ. ನಿನ್ನೆ ಚೀಲದಲ್ಲಿ ಕೂರಿಸಿ ತೂಗಿದೆ. ಬೆನ್ನು ಒತ್ತಿದರೆ ದೊಡ್ಡದಕ್ಕೆ ಮೂಳೆ ಸಿಗುವುದೇ ಇಲ್ಲ. ಚಿಕ್ಕದಕ್ಕೆ ಗರಗಸ ಮುಟ್ಟಿದ ಹಾಗೆ. ಇದು ರಕ್ತದ ಗುಣವಾ, ಸಾಕಿದ್ದರ ಗುಣವಾ?

ಅರಸೀಕೆರೆ ಗುರು:
ಹಿಂಡಿ ಹಾಕಿ, ಜಂತುಹುಳದ ಔಷಧಿ ಕುಡಿಸಿ. ಜೀನು ಗೀನು ಎಲ್ಲ ಸುಮ್ನೆ.

ಬಿಳಿ ಕೋಟು:
ಹಾಸನದಲ್ಲಿ ವೆಟರ್ನರಿ ಓದುತ್ತಿದ್ದೇನೆ. ಸುಮ್ನೆ ಅಲ್ಲ ಸರ್. ಮಯೋಸ್ಟಾಟಿನ್ ಅಂತ ಒಂದು ಜೀನ್ ಇದೆ. ಮಾಂಸಖಂಡ ಮಿತಿಮೀರಿ ಬೆಳೆಯದಂತೆ ಬ್ರೇಕ್ ಹಿಡಿಯುವುದು ಅದರ ಕೆಲಸ. ಹಾಲೆಂಡಿನ ಟೆಕ್ಸೆಲ್ ಕುರಿಗೆ ಆ ಬ್ರೇಕ್ ಸಡಿಲ. ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದೇ ಕಾರಣ ಅಂತ 2006ರಲ್ಲಿ ಗೊತ್ತಾಯಿತು. ಅಮೆರಿಕದ ಕ್ಯಾಲಿಪೈಜ್ ಕುರಿಯದು ಇನ್ನೂ ವಿಚಿತ್ರ. ಅದಕ್ಕೆ ಹಿಂದಿನ ತೊಡೆ ಉಬ್ಬಿರುತ್ತದೆ, ಕೊಬ್ಬು ಕಡಿಮೆ. ಆದರೆ ಅದಕ್ಕೆ ಕಾರಣವಾದ ಬೇರೊಂದು ಜೀನ್ ಅಪ್ಪನಿಂದ ಮಾತ್ರ ಬಂದಿದ್ದರೆ ಹಾಗೆ. ಅಮ್ಮನಿಂದ ಮಾತ್ರ ಬಂದರೂ ಇಲ್ಲ, ಇಬ್ಬರಿಂದಲೂ ಬಂದರೂ ಇಲ್ಲ!

ಮಂಡ್ಯದ ಮಗಳು:
ಆ ಮಾಂಸ ಬೇಯುತ್ತದಾ?

ಬಿಳಿ ಕೋಟು:
ಗಟ್ಟಿ ಅಕ್ಕ. ಅದೇ ಅದರ ತೊಂದರೆ.

ಮಂಡ್ಯದ ಮಗಳು:
ಮತ್ತೆ ಯಾಕೆ ಬೇಕು? ನಮ್ಮ ಬಂಡೂರು ಕುರಿ ನೋಡಿ, ಕುಳ್ಳು. ಆದರೆ ಮಾಂಸದ ಎಳೆ ನಡುವೆ ಕೊಬ್ಬು ಇರುವುದಕ್ಕೇ ಅಷ್ಟು ರುಚಿ. ದುಂಬಾ ಕುರಿ ಕೊಬ್ಬನ್ನೆಲ್ಲ ಬಾಲದ ಬುಡದಲ್ಲಿ ಕಟ್ಟಿಕೊಂಡಿರುತ್ತದೆ. ಎಷ್ಟು ಕೊಬ್ಬು ಅನ್ನುವುದಲ್ಲ, ಎಲ್ಲಿ ಕೂತಿದೆ ಅನ್ನುವುದೂ ತಳಿಯ ಗುಣವೇ ಅಲ್ವಾ?

ಕಾವಲು ತಾತ:
ಹೈದ, ಮೊದಲು ಇದನ್ನು ಹೇಳಪ್ಪ. ಎರಡೂ ಒಂಟಿ ಮರಿಯಾ?

ಕಡೂರು ಹೈದ:
ಇಲ್ಲ ತಾತ, ಚಿಕ್ಕದು ಅವಳಿಯಲ್ಲಿ ಒಂದು. ತಾಯಿಗೆ ಚೊಚ್ಚಲು ಬೇರೆ.

ಅರಸೀಕೆರೆ ಗುರು:
ನೋಡಿದ್ರಾ! ಹಾಲು ಸಾಲಲಿಲ್ಲ. ಕೇಸ್ ಮುಗಿಯಿತು.

ಬಿಳಿ ಕೋಟು:
ಅರ್ಧ ಮುಗಿಯಿತು ಸರ್. ಅಪ್ಪ ಒಬ್ಬನೇ ಆದರೂ ಅವನ ಜೀನ್ ಎಲ್ಲ ಮರಿಗೂ ಒಂದೇ ಥರ ಹಂಚಿಕೆಯಾಗುವುದಿಲ್ಲ. ಬೆಳವಣಿಗೆಗೆ ಲೆಕ್ಕವಿಲ್ಲದಷ್ಟು ಜೀನ್ ಕೈ ಹಾಕುತ್ತವೆ, ಒಂದೊಂದರದೂ ಚೂರು ಪಾಲು. ಎರಡು ಮರಿ ತೂಗಿ ತೀರ್ಪು ಕೊಡಲು ಆಗುವುದಿಲ್ಲ. ಒಂದೊಂದು ಟಗರಿಗೂ ಹುಟ್ಟಿದ ಹತ್ತಿಪ್ಪತ್ತು ಮರಿಗಳನ್ನು ಒಂದೇ ವಯಸ್ಸಿನಲ್ಲಿ ತೂಗಿ. ಅವಳಿ ಯಾವುದು, ಒಂಟಿ ಯಾವುದು ಬರೆದಿಡಿ. ಆಗ ಗೊತ್ತಾಗುತ್ತದೆ.

ಕಾವಲು ತಾತ:
ದೊಡ್ಡದನ್ನು ಏನು ಮಾಡುತ್ತೀಯ?

ಕಡೂರು ಹೈದ:
ಬಕ್ರೀದ್‌ಗೆ ಅಂತ ವ್ಯಾಪಾರಿ ಆಗಲೇ ಅಡ್ವಾನ್ಸ್ ಕೊಟ್ಟಿದ್ದಾನೆ.

ಕಾವಲು ತಾತ:
ನಮ್ಮ ಕಡೆ ಎಲ್ಲರದೂ ಇದೇ ಕಥೆ. ಚೆನ್ನಾಗಿ ಬೆಳೆದದ್ದೆಲ್ಲ ಲಾರಿ ಹತ್ತುತ್ತದೆ. ಯಾರೂ ಕೇಳದ ಬಡಕಲು ಹಿಂಡಿನಲ್ಲಿ ಬೀಜದ ಟಗರಾಗುತ್ತದೆ. ಆಮೇಲೆ ತಳಿ ಕೆಟ್ಟಿತು ಅಂತ ಗೋಳು. ಅಡ್ವಾನ್ಸ್ ವಾಪಸ್ ಕೊಡು. ನಿನ್ನ ಹಿಂಡಿಗೇ ಬಿಡಬೇಡ ಮತ್ತೆ, ಅಕ್ಕ ತಂಗಿಯರ ಮೇಲೇ ಹತ್ತುತ್ತದೆ. ಪಕ್ಕದೂರಿನ ಒಳ್ಳೆ ಟಗರಿಗೆ ಬದಲಾಯಿಸಿಕೋ.

ಕಡೂರು ಹೈದ:
ಅಡ್ವಾನ್ಸ್ ಬೋರ್‌ವೆಲ್ ಮೋಟಾರಿಗೆ ಹೋಯಿತು ತಾತ. ಅವನು ಚಿಕ್ಕದನ್ನು ತಗೊಳ್ಳುತ್ತಾನಾ ಕೇಳಿ ನೋಡುತ್ತೇನೆ.